ಇಳಿಯುವ ಪಾಠ

"ನಿಮ್ಮ ವೇಗದಲ್ಲೇ ಕಲೀರಿ ಅಂತಾರೆ. ನನಗೊಂದು ವೇಗ ಇದೆ ಅಂತ ಅವರಿಗೆ ಯಾರು ಹೇಳಿದ್ರು ಮೇಷ್ಟ್ರೇ? ಬಿಟ್ಟುಬಿಡಲಾ?"

ಕಾಲೇಜಿನ ತಮ್ಮ ಕೋಣೆಯಲ್ಲಿ ಹಾಲಪ್ಪ ಮೇಷ್ಟ್ರು "ಓದು ಹೇಗೆ ನಡೀತಿದೆ?" ಅಂದಿದ್ರು ಅಷ್ಟೆ. ಕೇಳಬಾರದಿತ್ತು.

ನಾನು ಬಸ್ ಕಂಡಕ್ಟರ್. ಮೊಣಕಾಲು ಎರಡೂ ನನಗಿಂತ ಮುಂಚೆ ರಿಟೈರ್ ಆಗಿವೆ. ಡಿಪೋದಲ್ಲಿ ಕೂತು ಮಾಡೋ ಕೆಲಸಕ್ಕೆ ಡಿಗ್ರಿ ಬೇಕು. ಡಿಗ್ರಿಗೆ ಮೊದಲು ಕಾಲೇಜಿನ ಬುನಾದಿ ಗಣಿತ ಪಾಸಾಗಬೇಕು. ಕ್ಲಾಸಿಲ್ಲ, ಬೆಲ್ಲಿಲ್ಲ. ಫೋನಲ್ಲಿ ಪಾಠ. ಯಾವುದನ್ನ ಬೇಕಾದ್ರೂ ಮೊದಲು ತೆಗೀಬಹುದು. ಈ ವಯಸ್ಸಲ್ಲಿ ಅರ್ಧ, ಮುಕ್ಕಾಲು ಅಂತ ಕೂರೋಕೆ ನಾಚಿಕೆಯಾಗಿ, ಭಿನ್ನರಾಶಿ ಬಿಟ್ಟು ಸೀದಾ ಬೀಜಗಣಿತ ತೆಗೆದೆ.

ಮಾಡಿದ ಲೆಕ್ಕ ತೋರಿಸಿದೆ. ಕೊನೆಗೆ 'ಮೂರು ಎಕ್ಸ್ ಸಮ ಎರಡು' ಅಂತ ಬಂದು ನಿಂತಿತ್ತು. ಮೂರರಿಂದ ಎರಡನ್ನ ಭಾಗಿಸೋಕೆ ಹೋದ್ರೆ ಪೂರ್ತಿ ಸಂಖ್ಯೆ ಬರಲ್ಲ. ಎಲ್ಲೋ ತಪ್ಪಿದೀನಿ ಅಂತ ಮತ್ತೆ ಮೊದಲಿಂದ ಮಾಡ್ತಿದ್ದೆ. ಮತ್ತೆ ಅಲ್ಲಿಗೇ ಬರ್ತಿತ್ತು.

ಮೇಷ್ಟ್ರು ಕನ್ನಡಕ ತೆಗೆದ್ರು.

"ಒಬ್ಬ ವ್ಯಾಪಾರಿ ಸೈಕಲ್ ಕೊಂಡ. ಊರಲ್ಲಿ ಎಲ್ಲರೂ ಮೊದಲು ಕತ್ರಿ ಹೊಡೀತಾರೆ. ಬಾರಿನ ಕೆಳಗೆ ಕಾಲು ತೂರಿಸಿ ಅರ್ಧರ್ಧ ಪೆಡಲ್ ತುಳಿಯೋದು. ವಾಲಿದ್ರೆ ಕಾಲು ನೆಲಕ್ಕೆ ಊರಬಹುದು. ವ್ಯಾಪಾರಿಗೆ ಮರ್ಯಾದೆ ಅಡ್ಡ ಬಂತು. ಸೀದಾ ಸೀಟಿನ ಮೇಲೆ ಕೂತ, ಬಾಮೈದ ನೂಕಿದ. ಸೈಕಲ್ ಚೆನ್ನಾಗೇ ಹೋಯ್ತು. ಮನೆ ಮುಂದೆ ಹೆಂಡತಿ ನಿಂತಿದ್ದಳು.

'ಎಲ್ಲಿಗ್ರೀ ಹೊರಟ್ರಿ?'

'ಮನೆಗೆ!' ಅಂತ ಮನೆ ದಾಟಿ ಹೋದ.

ಊರು ಸುತ್ತಿ ಮತ್ತೆ ಬಂದ.

'ಇದೇ ಅಲ್ವೇನ್ರೀ ಮನೆ?'

'ಗೊತ್ತು ಕಣೇ!' ಅಂತ ಮತ್ತೆ ದಾಟಿದ.

ಯಾವುದೋ ಹರಕೆ ಇರಬೇಕು ಅಂತ ಊರವರು ದಾರಿ ಬಿಟ್ಟರು. ಕೊನೆಗೆ ತಿಪ್ಪೆಗೆ ನುಗ್ಗಿದ. ಮೆತ್ತಗಿತ್ತು. ಎದ್ದು, 'ಸದ್ಯ!' ಅಂದ. ಮಾರನೇ ದಿನ ಕತ್ರಿ ಹೊಡೆಯೋಕೆ ಶುರು ಮಾಡಿದ."

"ಪಾಪ, ಬಿದ್ದ ಮೇಲೆ ಬುದ್ಧಿ ಬಂತು," ಅಂದೆ ನಾನು.

ಮೇಷ್ಟ್ರು ನನ್ನ ಲೆಕ್ಕದ ಕೊನೇ ಸಾಲಿನ ಮೇಲೆ ಬೆರಳಿಟ್ಟರು.

"ಲೆಕ್ಕದಲ್ಲಿ ತಪ್ಪೇ ಇಲ್ಲ ಕಂಡಕ್ಟ್ರೇ, ನಿಮ್ಮ ಸ್ಟಾಪ್ ಬಂದಿದೆ, ಇಳೀರಿ."

ದಿನಾ ಊರಿಗೆಲ್ಲ ಆ ಮಾತು ಹೇಳೋನು ನಾನು. ನನಗೆ ಯಾರೂ ಹೇಳಿರಲಿಲ್ಲ. ತಪ್ಪಿಲ್ಲ ಅಂದಿದ್ದು ಮಾತ್ರ ಮೊಣಕಾಲಿನವರೆಗೂ ತಂಪಾಗಿ ಇಳೀತು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಭಿನ್ನರಾಶಿಯ ಮೊದಲ ಪಾಠ ತೆಗೆದೆ.

ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ಸೈಕಲ್, ತಿಪ್ಪೆ, ಎಕ್ಸು, ಒಂದೂ ಬಿಡಲಿಲ್ಲ. ಅವಳು ಪೂರ್ತಿ ಕೇಳಿ, ರೊಟ್ಟಿ ಬುಟ್ಟಿ ನನ್ನ ಮುಂದೆ ಸರಿಸಿದಳು.

"ಅತ್ತೆ, ನಾನು, ನೀವು. ರೊಟ್ಟಿ ಉಳಿದಿರೋದು ಎರಡೇ. ಸಮ ಪಾಲು ಮಾಡಿ ಇಳೀರಿ ನೋಡೋಣ."