ಅಜ್ಜಿಯ ಜೀಪಿನ ಎಣ್ಣೆ ಚೆಲ್ಲಿದ್ದು ಯಾರು?

ಎಲ್ಲಿ, ಕೈ ತೋರಿಸಿ ಮಕ್ಕಳೇ. ಎಣ್ಣೆ ಮೆತ್ತಿಲ್ಲ ತಾನೇ? ಹಿಂದೆ, ಮುಂದೆ? ಸರಿ. ಹಾಗಾದರೆ ಕೇಳಿ.

ದೇವೀರಜ್ಜಿಗೆ ಒಂದು ಹಳೇ ಜೀಪು. ಅಜ್ಜಿಯೇ ಓಡಿಸ್ತಾಳೆ. ದಿನಾ ಬೆಳಿಗ್ಗೆ ಗುಡ್ಡ ಹತ್ತುತ್ತಾಳೆ. ಗುಡ್ಡದ ಮೇಲಿನ ಮಕ್ಕಳನ್ನ ಇಸ್ಕೂಲಿಗೆ ಕರ್ಕೊಂಡು ಬರ್ತಾಳೆ.

ಒಂದು ಬೆಳಿಗ್ಗೆ ನೋಡಿದರೆ, ಹಿಂದಿನ ಚಕ್ರದ ಕೆಳಗೆ ಎಣ್ಣೆ! ಟಪ್, ಟಪ್, ಟಪ್. ಅದು ಚಕ್ರ ತಿರುಗಿಸೋ ಅಚ್ಚಿನ ಎಣ್ಣೆ. ಎಣ್ಣೆ ಇಲ್ಲದಿದ್ದರೆ ಅಚ್ಚು ಕಿರ್ರೋ ಅನ್ನುತ್ತೆ. ಜೀಪು ಗುಡ್ಡ ಹತ್ತಲ್ಲ. ಮಕ್ಕಳು ಮೇಲೇ ಕಾಯ್ತಾ ಕೂತುಬಿಡ್ತಾರೆ. ಅವತ್ತು ಇಸ್ಕೂಲಲ್ಲಿ ಪಾಯಸ ಬೇರೆ!

ಅಜ್ಜಿ ಚಕ್ರದ ಕೆಳಗೆ ತಟ್ಟೆ ಇಟ್ಟಳು. ಕಣ್ಣು ಕಿರಿದು ಮಾಡಿದಳು. ಅಜ್ಜಿಗೆ ಎಲ್ಲರ ಮೇಲೂ ಅನುಮಾನ.

ಅಲ್ಲೇ ಒಂದು ಕೋಳಿ. ಕಾಲೆಲ್ಲ ಎಣ್ಣೆ.

"ಏ ಕೋಳಿ, ಎಣ್ಣೆ ಚೆಲ್ಲಿದ್ದು ನೀನೇ ತಾನೇ?"

"ನಾನಲ್ಲಜ್ಜಿ, ನಾನಲ್ಲ. ನಾನು ತುಳಿದೆ ಅಷ್ಟೇ. ಸೋರಿದ್ದು ಸೀಲು."

ಸೀಲು ಅಂದರೆ ರಬ್ಬರ್ ಬಳೆ. ಎಣ್ಣೆ ಹೊರಗೆ ಬರದ ಹಾಗೆ ಅಚ್ಚನ್ನ ತಬ್ಬಿಕೊಂಡಿರುತ್ತೆ. ಹೋದ ವಾರ ತಾನೇ ಹಾಕಿಸಿದ ಹೊಸಾ ಸೀಲು!

"ಸೀಲು ಸೋರಿತಂತೆ, ಕೋಳಿ ತುಳೀತಂತೆ. ನಂಬಬೇಕಂತೆ ನಾನು! ಏ ಸೀಲೇ, ಚೆಲ್ಲಿದ್ದು ನೀನೇ ತಾನೇ?"

"ನಾನಲ್ಲಜ್ಜಿ, ನಾನಲ್ಲ. ಎಣ್ಣೆಯೇ ನನ್ನ ನೂಕಿತು."

"ಎಣ್ಣೆ ನೂಕಿತಂತೆ, ಸೀಲು ಸೋರಿತಂತೆ, ಕೋಳಿ ತುಳೀತಂತೆ. ನಂಬಬೇಕಂತೆ ನಾನು! ಏ ಎಣ್ಣೆ, ನಿನಗ್ಯಾಕೆ ಈ ಕೊಬ್ಬು?"

"ನಾನಲ್ಲಜ್ಜಿ, ನಾನಲ್ಲ. ಅಚ್ಚಿನೊಳಗೆ ಗಾಳಿ ಇದೆ. ಅದು ನನ್ನ ಒತ್ತಿತು."

"ಗಾಳಿ ಒತ್ತಿತಂತೆ, ಎಣ್ಣೆ ನೂಕಿತಂತೆ, ಸೀಲು ಸೋರಿತಂತೆ, ಕೋಳಿ ತುಳೀತಂತೆ. ನಂಬಬೇಕಂತೆ ನಾನು! ಏ ಗಾಳಿ, ಬಾ ಈಚೆ!"

"ಎಲ್ಲಿ ಬರಲಿ ಅಜ್ಜಿ? ಜೀಪು ಓಡಿದರೆ ನಾನು ಬಿಸಿಯಾಗ್ತೀನಿ, ಉಬ್ತೀನಿ. ಹೊರಗೆ ಹೋಗೋಕೆ ಅಚ್ಚಿನ ನೆತ್ತಿ ಮೇಲೆ ಒಂದು ಪುಟ್ಟ ಕಿಂಡಿ. ಅದನ್ನ ಮಣ್ಣು ಮುಚ್ಚಿದೆ."

ಅಜ್ಜಿ ಜೀಪಿನ ಕೆಳಗೆ ತೂರಿದಳು. ಹೌದು, ಕಿಂಡಿ ಮೇಲೆ ಮಣ್ಣು!

"ಮಣ್ಣು ಮುಚ್ಚಿತಂತೆ, ಗಾಳಿ ಒತ್ತಿತಂತೆ, ಎಣ್ಣೆ ನೂಕಿತಂತೆ, ಸೀಲು ಸೋರಿತಂತೆ, ಕೋಳಿ ತುಳೀತಂತೆ. ನಂಬಬೇಕಂತೆ ನಾನು! ಏ ಮಣ್ಣೇ, ಇಲ್ಲೇನು ನಿನಗೆ ಕೆಲಸ?"

"ನಾನಾಗಿ ಬರಲಿಲ್ಲಜ್ಜಿ. ಕಣಜದ ಹುಳ ನನ್ನ ತಂದು ಮೆತ್ತಿತು."

"ಕಣಜ ಮೆತ್ತಿತಂತೆ, ಮಣ್ಣು ಮುಚ್ಚಿತಂತೆ, ಗಾಳಿ ಒತ್ತಿತಂತೆ, ಎಣ್ಣೆ ನೂಕಿತಂತೆ, ಸೀಲು ಸೋರಿತಂತೆ, ಕೋಳಿ ತುಳೀತಂತೆ. ನಂಬಬೇಕಂತೆ ನಾನು! ಏ ಕಣಜ, ಸಿಕ್ಕಿಬಿದ್ದೆಯಾ ಕಳ್ಳಿ!"

ಕಣಜ ಗುಂಯ್ ಅಂತು. "ಈ ಮಣ್ಣಿನ ಗೂಡೊಳಗೆ ನನ್ನ ಮರಿ ಇದೆ ಅಜ್ಜಿ. ಮೊದಲು ನಿನ್ನ ಗೋಡೆ ಮೂಲೆಯಲ್ಲೇ ಗೂಡು ಕಟ್ಟಿದ್ದೆ. ಮೊನ್ನೆ ಯಾರೋ ಪೊರಕೆ ತಂದು ಕೆಡವಿಬಿಟ್ಟರು. ನಾನೆಲ್ಲಿ ಹೋಗಲಿ?"

"ಯಾರದು? ಹೇಳು, ಈಗಲೇ ವಿಚಾರಿಸ್ಕೋತೀನಿ!"

"ಮುಖ ನೋಡಲಿಲ್ಲ. ಹಸಿರು ಸೀರೆ ಉಟ್ಟಿದ್ದರು."

ಅಜ್ಜಿ ಬಾಗಿಲ ಕಡೆ ನೋಡಿದಳು. ಹಸಿರು ಸೀರೆ ಇಲ್ಲ. ಬೀದಿ ಕಡೆ ನೋಡಿದಳು. ಹಸಿರು ಸೀರೆ ಇಲ್ಲ. ಆಮೇಲೆ ಕೆಳಗೆ ನೋಡಿದಳು.

ಹಸಿರು ಸೀರೆ!

ಅಜ್ಜಿಗೆ ನಾಚಿಕೆ ಆಯ್ತು. ಮೆಲ್ಲಗೆ ಚಮಚ ತಂದಳು. ಗೂಡನ್ನ ಒಡೆಯದ ಹಾಗೆ ಬಿಡಿಸಿದಳು. ಗೋಡೆ ಮೂಲೆಯಲ್ಲಿ ಹಸಿ ಮಣ್ಣಿಟ್ಟು ಅಂಟಿಸಿದಳು. ಪೊರಕೆಯನ್ನ ಹಿತ್ತಲಿಗೆ ಹಾಕಿದಳು.

ಕಣಜ ಗೂಡು ಸೇರಿತು. ಮಣ್ಣು ಕಿಂಡಿ ಬಿಟ್ಟಿತು. ಗಾಳಿ ಉಸ್ಸ್ಸ್ ಅಂತ ಹೊರಗೆ ಬಂತು. ಎಣ್ಣೆ ನೂಕೋದು ನಿಲ್ಲಿಸಿತು. ಸೀಲು ಅಚ್ಚನ್ನ ತಬ್ಬಿಕೊಂಡಿತು. ಅಜ್ಜಿ ತಟ್ಟೆಯ ಎಣ್ಣೆಯನ್ನ ಬಟ್ಟೆಯಲ್ಲಿ ಸೋಸಿ ಅಚ್ಚಿಗೆ ಸುರಿದಳು. ಆಮೇಲೆ ಕೋಳಿಯನ್ನ ತೊಡೆ ಮೇಲೆ ಕೂರಿಸಿಕೊಂಡು, ಹಸಿರು ಸೆರಗಿನಿಂದ ಅದರ ಕಾಲು ಒರೆಸಿದಳು.

ಜೀಪು ಗುಡ್ಡ ಹತ್ತಿತು. ಒಂದು ಹನಿಯೂ ಬೀಳಲಿಲ್ಲ.

"ಯಾಕಜ್ಜಿ ತಡ? ಎಣ್ಣೆ ಚೆಲ್ಲಿದ್ದು ಯಾರು?" ಅಂದರು ಮಕ್ಕಳು.

"ನಾನೇ ಕಣ್ರೋ," ಅಂದಳು ಅಜ್ಜಿ. "ಹತ್ತಿ, ಹತ್ತಿ. ಪಾಯಸ ಆರಿಹೋಗುತ್ತೆ."

ಈಗ ಕೈ ಇಳಿಸಿ ಮಕ್ಕಳೇ. ನಿಮ್ಮ ಮೇಲೆ ಅನುಮಾನ ಇಲ್ಲ. ತಡೀರಿ, ಆ ಮೂತಿ ಮೇಲೆ ಅಂಟಿರೋದು ಏನದು, ಪಾಯಸವಾ?