ಮಜ್ಜಿಗೆ ಸೋಸುವ ಬಟ್ಟೆ

ಸಿರಿವಟ್ಟದ ಕೋಟೆಬಾಗಿಲಲ್ಲಿ ಡಂಗುರ ಹೊಡೆದರು: "ಮಠದ ಒಡೆಯರೂ ಹನ್ನೆರಡು ಹಳ್ಳಿಗಳ ಪ್ರಭುಗಳೂ ಆದ ಉದಯರಾಶಿ ಗುರುಗಳ ಅಪ್ಪಣೆ. ಗುರುಗಳು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಕೋಟೆಯ ಅಧಿಕಾರ. ಒಂದು ತಪ್ಪಿದರೂ ಗೋಡೆಯ ಮೇಲಿಂದ ಕೆಳಕ್ಕೆ."

ಗುರುಗಳು ಮೊದಲು ಹೀಗಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಊರಿನ ಸಾಮಂತ ಯುದ್ಧದಲ್ಲಿ ಸತ್ತಾಗ, ದೂರದ ಅರಸ ಬೇರೆ ಯಾರನ್ನೂ ನಂಬಲಾರದೆ ಅವನ ಕತ್ತಿಯನ್ನು ಮಠಕ್ಕೆ ಕಳಿಸಿಕೊಟ್ಟ. ಅಲ್ಲಿಯವರೆಗೆ ಜಪ, ಪಾಠ, ಅನ್ನಛತ್ರ ನೋಡಿಕೊಂಡಿದ್ದವರು ಅಂದಿನಿಂದ ಸುಂಕ, ಸೈನ್ಯ, ಸೆರೆಮನೆಯನ್ನೂ ನೋಡಿಕೊಳ್ಳಬೇಕಾಯಿತು. ಕತ್ತಿಯ ಜೊತೆ ಭಯವೂ ಬಂತು. ಮೊದಲ ವರ್ಷ ಮಠದ ಹಿಂಬಾಗಿಲು ಮುಚ್ಚಿಸಿದರು. ಆಮೇಲೆ ಊಟದ ರುಚಿ ನೋಡಲು ಒಬ್ಬನನ್ನು ಇಟ್ಟರು. ಈಚೆಗೆ ಅಡುಗೆಮನೆಗೆ ಹೊರಗಿನವರು ಯಾರೂ ಕಾಲಿಡಬಾರದೆಂದು ಕಟ್ಟಪ್ಪಣೆ ಮಾಡಿದ್ದರು.

ಹಾಗಿದ್ದೂ ಕಳೆದ ತಿಂಗಳು ಮಜ್ಜಿಗೆ ಕುಡಿದ ಗುರುಗಳು ಎರಡು ದಿನ ವಾಂತಿ ಮಾಡಿಕೊಂಡರು. ರುಚಿ ನೋಡಿದವನು ಕುಡಿದದ್ದು ಒಂದೇ ಗುಟುಕು, ಅವನಿಗೆ ಏನೂ ಆಗಲಿಲ್ಲ. ಹುಡುಕಿದಾಗ ಮಜ್ಜಿಗೆ ಸೋಸುವ ಬಟ್ಟೆಯ ಮೇಲೆ ಹಸಿರು ಕಲೆ ಸಿಕ್ಕಿತು. ವೈದ್ಯರು ವಿಷವೆಂದರು. ಬಟ್ಟೆ ಒಗೆದವನು ಮಡಿವಾಳರ ಬಮ್ಮ. ಅವನನ್ನು ಸೆರೆಗೆ ತಳ್ಳಿ, ಅಮಾವಾಸ್ಯೆಗೆ ಮರಣವೆಂದು ಗೊತ್ತುಮಾಡಿದರು. ಆದರೆ ಬಟ್ಟೆ ಒಗೆಯುವವನೊಬ್ಬನೇ ಇಷ್ಟಕ್ಕೆ ಕೈಹಾಕಿಯಾನೇ, ಹಿಂದೆ ಯಾರೋ ದೊಡ್ಡವರಿರಬೇಕು ಎಂಬುದು ಗುರುಗಳ ಗುಮಾನಿ. ಒಗಟುಗಳು ಹುಟ್ಟಿದ್ದು ಆ ಗುಮಾನಿಯಿಂದ: ಸಂಚು ಬಲ್ಲವನು ತನ್ನ ಉತ್ತರದಲ್ಲೇ ಸಿಕ್ಕಿಬೀಳುತ್ತಾನೆ.

ಮೊದಲು ಬಂದವನು ದಳಪತಿ ಮಸಣಯ್ಯ. ಗುರುಗಳು ಕೇಳಿದರು, "ನನ್ನನ್ನು ಕಾಯಲೆಂದು ಒಂದನ್ನು ಹೊತ್ತಿದ್ದೇನೆ. ದಿನವೂ ಅದೇ ನನ್ನನ್ನು ತಿನ್ನುತ್ತಿದೆ. ಯಾವುದದು?"

ಸೈನ್ಯ ಎಂದ ಮಸಣಯ್ಯ.

"ಓಹೋ, ಸೈನ್ಯ ನನ್ನನ್ನು ತಿನ್ನುತ್ತಿದೆ ಅನ್ನೋದು ನಿನಗೆ ಮೊದಲೇ ಗೊತ್ತಿತ್ತು," ಎಂದರು ಗುರುಗಳು. ಅವನನ್ನು ಗೋಡೆಯ ಮೇಲಿಂದ ತಳ್ಳಿದರು.

ಮರುದಿನ ವರ್ತಕ ನಾಗಿಸೆಟ್ಟಿ ಬಂದ. ಅದೇ ಒಗಟನ್ನು ರಾತ್ರಿಯೆಲ್ಲ ಯೋಚಿಸಿ, ಉತ್ತರ ಸಂಶಯವೆಂದು ತೀರ್ಮಾನಿಸಿದ್ದ.

"ನಾನು ಸಂಶಯದ ಮನುಷ್ಯ ಅಂತ ನಿನಗೆ ಯಾರು ಹೇಳಿದರು? ಹೆಸರು ಹೇಳು."

ಸೆಟ್ಟಿ ಹೆಸರು ಹೇಳಲಿಲ್ಲ. ಅವನೂ ಹೋದ. ಆಮೇಲೆ ಒಂಬತ್ತು ದಿನ ಅಂಗಳಕ್ಕೆ ಯಾರೂ ಬರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಬಮ್ಮನ ತಮ್ಮ ಕೇತ ಬಂದು ಅಡ್ಡಬಿದ್ದ. ಇಪ್ಪತ್ತರ ಪ್ರಾಯ, ಬಟ್ಟೆ ಒಗೆಯುವ ಸವುಳು ಮಣ್ಣಿನಿಂದ ಬೆರಳು ಬಿರಿದಿದ್ದವು. ಅಧಿಕಾರ ಬೇಡ, ಸರಿಯಾದರೆ ಅಣ್ಣನನ್ನು ಬಿಡಬೇಕು, ತಪ್ಪಾದರೆ ನಾಳೆ ಇಬ್ಬರನ್ನೂ ಒಟ್ಟಿಗೆ ತಳ್ಳಬೇಕು ಎಂದು ಕೇಳಿಕೊಂಡ. ಕಾವಲಿನವನೊಬ್ಬ, ಇವತ್ತು ಗಂಜಿಯ ಜೊತೆ ಬುದ್ಧಿಯನ್ನೂ ಕುಡಿದು ಬಂದಿದ್ದಾನೆ ಎಂದು ನಕ್ಕ. ಗುರುಗಳು ನಗಲಿಲ್ಲ. ಮೊದಲ ಒಗಟನ್ನೇ ಕೇಳಿದರು.

"ಕಬ್ಬಿಣದ ಅಂಗಿ, ಬುದ್ಧಿ. ಕಾವಿಯ ಒಳಗೆ ತೊಟ್ಟಿದ್ದೀರಲ್ಲ, ಅದು."

ಗುರುಗಳ ದನಿ ಸಣ್ಣದಾಯಿತು. "ಯಾರು ಹೇಳಿದರು?"

"ಯಾರೂ ಇಲ್ಲ. ಕಾವಿಯ ಹೆಗಲಲ್ಲಿ, ಒಳಮಗ್ಗುಲಿಗೆ, ಉಂಗುರ ಉಂಗುರವಾಗಿ ತುಕ್ಕು ಹತ್ತಿರ್ತದೆ. ಪಕ್ಕದಲ್ಲೇ ರಕ್ತದ ಕಲೆ. ಚರ್ಮ ಕಿತ್ತಿರಬೇಕು. ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲೇ ಒಗೀತಿದ್ದೇವೆ. ಹೊರಗೆ ಬಾಯಿ ಬಿಡಬೇಡ ಅಂತ ಅಣ್ಣ ಆಣೆ ಹಾಕಿಸಿಕೊಂಡಿದ್ದ."

ಗುರುಗಳು ಎರಡನೆಯದನ್ನು ಕೇಳಿದರು. "ನನ್ನ ಮುಂದೆ ಬರುವವರೆಲ್ಲ ಅದನ್ನು ತಂದೇ ತರುತ್ತಾರೆ. ಒಬ್ಬರೂ ತೋರಿಸುವುದಿಲ್ಲ. ಏನದು?"

ಅಡ್ಡಬಿದ್ದಲ್ಲಿಂದ ಕೇತನಿಗೆ ಕಾಣುತ್ತಿದ್ದುದು ಎರಡು ಪಾದ ಮಾತ್ರ. ಗುರುಗಳು ಎದ್ದುಹೋಗುವವರೆಗೆ ತಲೆ ಎತ್ತಬಾರದು ಎಂಬುದು ಮಠದ ಕಟ್ಟಳೆ. ಆ ಪಾದಗಳನ್ನೇ ನೋಡುತ್ತ ಅವನು ಹೇಳಿದ, "ಮುಖ, ಬುದ್ಧಿ. ನಿಮ್ಮ ಬಲಗಾಲ ಹೆಬ್ಬೆರಳಿನ ಉಗುರು ಕಪ್ಪಗಿದೆ ಅಂತ ನನಗೆ ಗೊತ್ತು. ಹೊಳೆಯ ಹತ್ತಿರ ಎದುರಾದರೆ ನೀವು ಯಾರು ಅಂತ ನನಗೆ ಗೊತ್ತಾಗಲಿಕ್ಕಿಲ್ಲ. ನಿಮಗೂ ನನ್ನ ಗುರುತು ಹತ್ತಲಿಕ್ಕಿಲ್ಲ."

"ತಲೆ ಎತ್ತು," ಎಂದರು ಗುರುಗಳು. ಕೇತ ಎತ್ತಿದ. ಗುರುಗಳು ಅವನ ಕಣ್ಣನ್ನೇ ನೋಡುತ್ತ ಮೂರನೆಯದನ್ನು ಕೇಳಿದರು.

"ಬಾಗಿಲಿಗೆ ಅಗುಳಿ, ಮುಂದೆ ಕಾವಲು. ಹೊರಗಿನವನೊಬ್ಬನೂ ಅಡುಗೆಮನೆಗೆ ಬರಲಿಲ್ಲ. ಆದರೂ ಮಜ್ಜಿಗೆಗೆ ವಿಷ ಬಂತು. ತಂದವನು ಯಾರು?"

"ತಂದವರು ಯಾರೂ ಇಲ್ಲ. ಬರಬೇಕಾದವನೊಬ್ಬ ಬರಲಿಲ್ಲ, ಅದಕ್ಕೇ ಬಂತು. ಕಲಾಯಿಯವನು, ಬುದ್ಧಿ."

ಅವನು ಬಿಡಿಸಿ ಹೇಳಿದ. ಸಾಕ್ಷಿಗೆಂದು ಕೋಟೆಬಾಗಿಲಲ್ಲಿ ತೂಗುಹಾಕಿದ್ದ ಬಟ್ಟೆಯನ್ನು ಮೂರು ದಿನ ನಿಂತು ನೋಡಿದ್ದ. ಒಗೆಯುವಾಗ ವಿಷದಲ್ಲಿ ಅದ್ದಿದ್ದರೆ ಬಣ್ಣ ಅಂಚಿನವರೆಗೂ ಹರಡಬೇಕಿತ್ತು. ಕಲೆ ಇದ್ದದ್ದು ನಡುವೆ, ಮಜ್ಜಿಗೆ ಸುರಿಯುವ ಜಾಗದಲ್ಲಿ ಮಾತ್ರ. ತಾಮ್ರ ಒರೆಸಿದ ಬಟ್ಟೆಗಳಲ್ಲಿ ಅಂಥ ಹಸಿರನ್ನು ಅವನು ಎಷ್ಟೋ ಸಲ ಹುಣಸೆಹುಳಿ ಹಾಕಿ ತಿಕ್ಕಿದ್ದ. ತಾಮ್ರದ ಪಾತ್ರೆಗಳ ಒಳಗೆ ತವರ ಬಳಿಯಲು ವರ್ಷಕ್ಕೆರಡು ಸಲ ಬರುತ್ತಿದ್ದ ಕಲಾಯಿಯವನನ್ನು ಈ ವರ್ಷ ಎರಡು ಸಲವೂ ಬಾಗಿಲಿಂದಲೇ ಅಟ್ಟಿದ್ದರು. ಕಲಾಯಿ ಸವೆದ ತಾಮ್ರದಲ್ಲಿ ಹುಳಿ ಮಜ್ಜಿಗೆ ರಾತ್ರಿಯಿಡೀ ನಿಂತರೆ ಕಿಲುಬು ಏಳದೆ ಇರುತ್ತದೆಯೇ?

ಗುರುಗಳು ಮಜ್ಜಿಗೆಯ ತಾಮ್ರದ ತಪ್ಪಲೆ ತರಿಸಿದರು. ಒಳಗೆ ಕೈಯಾಡಿಸಿ ಬೆರಳನ್ನು ಬಿಸಿಲಿಗೆ ಹಿಡಿದರು. ತುದಿ ಹಸಿರಾಗಿತ್ತು. ಬಹಳ ಹೊತ್ತು ಅವರು ಅದನ್ನು ಒರೆಸಿಕೊಳ್ಳಲಿಲ್ಲ.

"ಹಾಗಾದರೆ ಮಸಣಯ್ಯ? ನಾಗಿಸೆಟ್ಟಿ?" ಎಂದು ಕೇಳಿದರು.

ಅದನ್ನು ಅವರು ಕೇಳಿದ್ದು ಕೇತನನ್ನಲ್ಲ.

ಸಂಜೆಯೊಳಗೆ ಬಮ್ಮ ಹೊರಬಂದ. ಗುರುಗಳು ಕತ್ತಿಯನ್ನು ಅರಸನಿಗೆ ಹಿಂದಿರುಗಿಸಿದರು. ಅಣ್ಣತಮ್ಮಂದಿರಿಗೆ ಹೊಳೆದಂಡೆಯ ಎರಡು ಮತ್ತರು ಗದ್ದೆಯನ್ನು ತೆರಿಗೆಯಿಲ್ಲದೆ ಬರೆದುಕೊಟ್ಟು, ಶಾಸನದ ಕಲ್ಲು ನೆಡಿಸಿದರು. ಸತ್ತ ಇಬ್ಬರ ಹೆಸರನ್ನೂ, ಅವರು ನಿರಪರಾಧಿಗಳು ಎಂಬ ಮಾತನ್ನೂ ಅದರಲ್ಲಿ ಕೆತ್ತಬೇಕೆಂದು ಕೇತ ಬೇಡಿಕೊಂಡಿದ್ದ. ಆಗಲಿ ಎಂದಿದ್ದರು.

ಕೇತನಿಗೆ ಅಕ್ಷರ ಬಾರದು. ಕಲ್ಲು ನೆಟ್ಟ ದಿನ ಮಠದ ಲಿಪಿಕಾರನಿಂದ ಅದನ್ನು ಓದಿಸಿ ಕೇಳಿದ. ಅವನು ಹೋದ ಮೇಲೆ, ದಾರಿಯಲ್ಲಿ ಸಾಗುತ್ತಿದ್ದ ಪರವೂರಿನ ಜಂಗಮನೊಬ್ಬನನ್ನು ಕರೆದು, ಏನನ್ನೂ ಹೇಳದೆ, ಅದನ್ನೇ ಮತ್ತೆ ಓದಿಸಿದ. ಎರಡು ಓದೂ ಒಂದೇ ಆಗಿದ್ದವು: ಇಬ್ಬರ ಹೆಸರೂ ಇತ್ತು, ನಿರಪರಾಧಿಗಳು ಎಂಬ ಮಾತೂ ಇತ್ತು. ಆಮೇಲೆ ಕಲ್ಲನ್ನು ತೋರಿಸಲೆಂದು, ಸೆಟ್ಟಿಯ ಹೆಂಡತಿಯನ್ನು ಕರೆತರಲು ಅವಳ ಮನೆಯ ಕಡೆ ನಡೆದ.