ಪುಡಿ ಕೊಡವಿದ ಪತಂಗ

"ಗುರುಗಳೇ, ನಿಮ್ಮಲ್ಲಿಗೆ ಬರುವಾಗ ನನ್ನ ಮಾತಿಗೆ ಊರೇ ತಲೆದೂಗುತ್ತಿತ್ತು. ಈಗ ನಾಲ್ಕು ಜನರ ಮುಂದೆ ಬಾಯಿ ತೆರೆಯಲೂ ಆಗುತ್ತಿಲ್ಲ. ಇದ್ದದ್ದೂ ಹೋಯಿತಲ್ಲ! ನಾನು ಊರಿಗೆ ಹಿಂತಿರುಗಲೇ?" ಎಂದು ಶಿಷ್ಯ ಕೇಳಿದ. ಗಂಟು ಕಟ್ಟಿಕೊಂಡೇ ಬಂದಿದ್ದ.

"ಒಂದು ಕತೆ ಕೇಳಿ ಹೋಗು" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ತೋಟಗಾರನಿದ್ದ. ಅವನ ಬಿಕ್ಕೆ ಗಿಡಕ್ಕೆ ಒಂದು ಹಸಿರು ಹುಳು ಬಿದ್ದು ಎಲೆಯನ್ನೆಲ್ಲ ಮೇಯುತ್ತಿತ್ತು. ಮೈಯುದ್ದಕ್ಕೂ ಬಿಳಿ ಗೆರೆ, ಬಾಲದಲ್ಲೊಂದು ಪುಟ್ಟ ಕೊಂಬು. ಹೊಸಕಿಹಾಕಲು ಹೋದವನಿಗೆ ಅದರ ಗತ್ತು ನೋಡಿ ನಗು ಬಂತು. ನಕ್ಕ ಮೇಲೆ ಕೊಲ್ಲುವುದುಂಟೇ? ಕುಂಡದಲ್ಲಿಟ್ಟು ಎಲೆ ಹಾಕಿ ಸಾಕಿದ. ತಿಂದು ತಿಂದು ಕೊಬ್ಬಿದ ಹುಳು ಒಂದು ದಿನ ಮಣ್ಣಿಗಿಳಿದು ಕಂದು ಕೋಶವಾಗಿ ಮಲಗಿತು. ಅಲ್ಲಿಂದ ತೋಟಗಾರನಿಗೆ ನಿಂತಲ್ಲಿ ನಿಲ್ಲಲಾಗದು. ಬೆಳಗಾದರೆ ಮುಖ ತೊಳೆಯುವ ಮೊದಲೇ ಕುಂಡದ ಮುಂದೆ ಹಾಜರು.

"ಹೆರಿಗೆಗೆ ಕಾದ ಹಾಗೆ ಕಾಯ್ತೀರಲ್ಲ!" ಎಂದು ಹೆಂಡತಿ ಛೇಡಿಸಿದಳು.

ಕೊನೆಗೂ ಅದು ಪತಂಗವಾಗಿ ಹೊರಬಂತು. ಮೆಲ್ಲನೆ ರೆಕ್ಕೆ ಬಿಡಿಸಿತು. ರೆಕ್ಕೆಯ ತುಂಬ ಬೂದು ಪುಡಿ. ಬಿಸಿಲಿಗೆ ಬೆಳ್ಳಿಯಂತೆ ಮಿನುಗಿತು. "ಏ, ಬಾರೇ, ಓಡಿ ಬಾರೇ!" ಎಂದು ಅವನು ಕೂಗಿದ ಕೂಗಿಗೆ ಬೀದಿಯೇ ಬಂದು ನೆರೆಯಿತು. ಅಷ್ಟರಲ್ಲಿ ಪತಂಗ ರೆಕ್ಕೆ ನಡುಗಿಸಿತು. ಪುಡಿ ಉದುರತೊಡಗಿತು. ಪುಡಿ ಹೋದರೆ ಪತಂಗ ಬದುಕದೆಂದು ತೋಟಗಾರನ ಎಣಿಕೆ. ಎರಡೂ ಅಂಗೈ ಕೂಡಿಸಿ ಅದನ್ನು ಮುಚ್ಚಿ ಹಿಡಿದುಬಿಟ್ಟ.

"ಬಿಡ್ರೀ, ಉಸಿರು ಕಟ್ಟಿ ಸಾಯ್ತದೆ!"

"ಬಿಟ್ರೆ ರೆಕ್ಕೆ ಹಾಳಾಗ್ತದೆ ಕಣೇ!"

ಕೈಯೊಳಗಿನ ಬಡಿತ ನಿಧಾನವಾಯಿತು. ಅವನು ಬೆದರಿ ಕೈ ತೆರೆದ.

ಜುಂಯ್ ಎಂದು ಅದು ಮೇಲೆದ್ದಿತು! ರೆಕ್ಕೆಯಲ್ಲಿ ಚಿಟಿಕೆ ಪುಡಿಯೂ ಉಳಿದಿರಲಿಲ್ಲ. ಗಾಜು, ಬರೀ ಗಾಜು! ಆಚೆಯ ಎಲೆ ಅದರ ಮೂಲಕವೇ ಕಾಣುತ್ತಿತ್ತು. ದುಂಬಿಯ ಹಾಗೆ ದಪ್ಪ ಮೈ, ಸೊಂಟಕ್ಕೊಂದು ಕೆಂಪು ಪಟ್ಟಿ. ರಾತ್ರಿ ದೀಪಕ್ಕೆ ಬೀಳುವ ಜಾತಿಯಲ್ಲ ಅದು, ಹಗಲಲ್ಲೇ ಹಾರುವ ಪತಂಗ. ಹೂವಿನ ಮೇಲೆ ಕೂರದೆ ಗಾಳಿಯಲ್ಲೇ ನಿಂತು, ಉದ್ದ ನಾಲಗೆ ಚಾಚಿ ಮಕರಂದ ಹೀರಿತು. ಬಿಕ್ಕೆ ಬೆಳೆಯುವ ಕಾಡುಗಳಲ್ಲಿ, ಕಾಫಿ ತೋಟಗಳಲ್ಲಿ, ಕಡಲಾಚೆಯ ನಾಡುಗಳಲ್ಲೂ ಅದರ ಬಳಗ ಹೀಗೆಯೇ ಪುಡಿ ಕೊಡವಿ ಹಾರುತ್ತದೆಂದು ಪಾಪ, ಅವನಿಗೇನು ಗೊತ್ತು? ಬೀದಿಯವರು ಹೋ ಎಂದರು. ತೋಟಗಾರ ಕಣ್ಣೊರೆಸಿಕೊಂಡು ಎಲ್ಲರಿಗಿಂತ ಹೆಚ್ಚು ಕುಣಿದ. ಕೆಲವು ದಿನಗಳಲ್ಲಿ ಬಿಕ್ಕೆಯ ಚಿಗುರಿನ ಮೇಲೆ ಹೊಸ ಮೊಟ್ಟೆಗಳಿದ್ದವು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಅದೆಲ್ಲ ಸರಿ ಗುರುಗಳೇ, ಉದುರಿದ ಆ ಬೆಳ್ಳಿಯಂಥ ಪುಡಿ ಏನಾಯಿತು?"

"ನೀನು ಕೇಳಿದೆ, ಪತಂಗ ಕೇಳಲಿಲ್ಲ" ಎಂದರು ಗುರುಗಳು.

ಶಿಷ್ಯ ಕಟ್ಟಿಕೊಂಡು ಬಂದಿದ್ದ ಗಂಟನ್ನು ಬಿಚ್ಚತೊಡಗಿದ.